ಕಾಲಕ್ಕೆ ಮುಂಚೆ ಬೀಳುವ ಹಿಮ

ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಮುಳ್ಳಯ್ಯನ ಗಿರಿಯೇ ನಮ್ಮಲ್ಲಿ ಎಲ್ಲಕ್ಕಿಂತ ಎತ್ತರವಾದ ಶಿಖರ. ಅದರ ಎತ್ತರವೂ ೬೩೦೦ ಅಡಿಗಳನ್ನು ಸ್ವಲ್ಪ ಮೀರಿದೆಯಷ್ಟೆ. ಮಾಗಿಯ ಮುಂಜಾನೆ ಮಲೆನಾಡಿನ ಕಣಿವೆಗಳನ್ನು ತುಂಬಿಕೊಳ್ಳುವ ಕಾವಳವನ್ನೂ, ಹುಲ್ಲಿನ ಮೇಲೆ ಕೂರುವ ಇಬ್ಬನಿಯನ್ನೂ, ಉತ್ತರದ ಪರ್ವತಗಳಲ್ಲಿ ಆಕಾಶದಿಂದ ಹಿಂಜಿದ ಅರಳೆಯಂತೆ ಉದುರುವ ವಸ್ತುವನ್ನೂ ನಾವು 'ಮಂಜು' ಎಂಬ ಒಂದೇ ಮಾತಿನಿಂದ ಕರೆಯುವುದುಂಟು. ಹೆಸರು ಒಂದಾದರೂ ವಸ್ತು ಒಂದಲ್ಲ. ಮೊದಲಿನ ಎರಡೂ ಹೊತ್ತೇರಿದೊಡನೆ ಮಾಯವಾಗುವುವು. ಮೂರನೆಯದು ಒಂದೇ ಹಗಲಿನಲ್ಲಿ ದಾರಿಯನ್ನು ಅಳಿಸಿ, ದಾರಿ ನಡೆಯುವವನನ್ನೂ ಹೂಳಬಲ್ಲುದು. ಈ ಭಾಷಣದಲ್ಲಿ ಹಿಮವೆಂದಾಗಲೆಲ್ಲ ಈ ಮೂರನೆಯದನ್ನೇ ಹೇಳುತ್ತಿರುವುದೆಂದು ಶ್ರೋತೃಗಳು ತಿಳಿಯಬೇಕೆಂದು ಕೋರುತ್ತೇನೆ.

ಹಿಮವಿಲ್ಲದ ನಾಡಿನವರಿಗೆ ಹಿಮದ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರೇ ಬಂಧುಬಳಗದವರಿಂದ ಕಟ್ಟಕಡೆಯ ಅಪ್ಪಣೆಯನ್ನು ಪಡೆದಂತೆ ಹೊರಡುತ್ತಿದ್ದರು. ಬದರಿ, ಕೇದಾರಗಳ ಮಾತಂತೂ ದೂರವೇ ಉಳಿಯಿತು. ಈಗ ಹಾಗಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಕಾಫಿಯನ್ನು ಕುಡಿದು ಹೊರಟವನು ಮೂರನೆಯ ದಿನ ಹತ್ತು ಸಾವಿರ ಅಡಿಗಳ ಎತ್ತರದಲ್ಲಿ ನಿಂತಿರಬಹುದು. ಯಾತ್ರಿಕರು ಬದರಿ, ಕೇದಾರ, ಮುಕ್ತಿನಾಥಗಳಿಗೆ ಹೋಗುತ್ತಾರೆ. ತರುಣರು ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು ಕಣಿವೆಗಳನ್ನೂ ಘಟ್ಟಗಳನ್ನೂ ದಾಟುತ್ತಾರೆ. ದೇಹವು ಹೀಗೆ ಬೇಗನೆ ಪರ್ವತವನ್ನು ಸೇರುವುದು. ಅಭ್ಯಾಸಗಳು ಮಾತ್ರ ಬಯಲುಸೀಮೆಯವಾಗಿಯೇ ಉಳಿದಿರುವುವು. ಆದಕಾರಣ ಈ ವಿಚಾರವು ನಮಗೂ ಸಂಬಂಧಪಟ್ಟುದೇ ಆಗಿದೆ.

ಪರ್ವತಗಳಲ್ಲಿ ಅತ್ಯಂತ ಅಪಾಯಕರವಾದ ಹಿಮ ಯಾವುದು? ಪುಷ್ಯ ಮಾಘಗಳ ನಟ್ಟ ಚಳಿಗಾಲದಲ್ಲಿ ಆಳುದ್ದಕ್ಕೆ ಬೀಳುವ ಹಿಮವೆಂದು ಸಾಮಾನ್ಯವಾಗಿ ಯಾರಿಗಾದರೂ ತೋರುವುದು. ಆದರೆ ಆ ಹೊತ್ತಿಗೆ ಎತ್ತರದ ಕಣಿವೆಗಳ ಜನ ತಮ್ಮ ದನಕರುಗಳೊಡನೆ ಕೆಳಗಿನ ಊರುಗಳಿಗೆ ಇಳಿದಿರುತ್ತಾರೆ. ಘಟ್ಟದ ದಾರಿಗಳು ಮುಚ್ಚಿರುತ್ತವೆ. ಬದರಿ, ಕೇದಾರಗಳ ದೇವಾಲಯಗಳ ಬಾಗಿಲನ್ನೂ ಹಾಕಿರುತ್ತಾರೆ. ಆ ಹಿಮವು ಬೀಳುವುದು ಬಹುಮಟ್ಟಿಗೆ ಬರಿದಾದ ನೆಲದ ಮೇಲೆ. ಶರದೃತುವಿನಲ್ಲಿ, ದಸರೆಗೂ ದೀಪಾವಳಿಗೂ ನಡುವೆ, ಒಮ್ಮೊಮ್ಮೆ ಹೇಳದೆ ಕೇಳದೆ ಬೀಳುವ ಹಿಮದ ಸಂಗತಿಯೇ ಬೇರೆ. ಅದು ಬೀಳುವಾಗ ದಾರಿಯಲ್ಲಿ ಜನರಿರುತ್ತಾರೆ, ಮೇಯುವ ಹಿಂಡುಗಳಿರುತ್ತವೆ. ಅದರ ಪ್ರಮಾಣ ಚಳಿಗಾಲದ ಹಿಮಕ್ಕಿಂತ ಕಡಮೆಯಾಗಿದ್ದರೂ ಅದರಿಂದಾಗುವ ಪ್ರಾಣಹಾನಿ ಹೆಚ್ಚಾಗಿರಬಹುದು. ಬಲ ಹಿಮದ್ದಲ್ಲ; ಸಿದ್ಧತೆಯಿಲ್ಲದಿರುವುದು ನಮ್ಮದು. ಈ ಮಾತನ್ನು ಒಂದು ನಿಜವಾದ ನಿದರ್ಶನದಿಂದ ತೋರಿಸುತ್ತೇನೆ.

ನೇಪಾಳದ ಮಧ್ಯಭಾಗದಲ್ಲಿ ಅನ್ನಪೂರ್ಣಾ ಎಂಬ ಮಹಾಶಿಖರಗಳ ಗುಂಪಿದೆ. ಅದನ್ನು ಸುತ್ತುಬಳಸಿ ಹೋಗುವ ಕಾಲುದಾರಿ ಲೋಕಪ್ರಸಿದ್ಧವಾದುದು. ಮನಾಂಗ್ ಎಂಬ ಕಣಿವೆಯಿಂದ ಮೇಲೇರಿ, ಥೊರಾಂಗ್ ಲಾ ಎಂಬ ಘಟ್ಟವನ್ನು ದಾಟಿ, ಆಚೆಯ ಮುಸ್ತಾಂಗ್ ಸೀಮೆಗೆ ಇಳಿದರೆ ಮುಕ್ತಿನಾಥ ಸಿಕ್ಕುವುದು. ಇದು ಶ್ರೀವೈಷ್ಣವರ ನೂರೆಂಟು ದಿವ್ಯದೇಶಗಳಲ್ಲಿ ಒಂದೆಂದು ಗಣ್ಯವಾದ ಕ್ಷೇತ್ರ. ನಮ್ಮ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳು ದೊರೆಯುವ ಗಂಡಕೀ ನದಿಯೂ ಅದೇ ಸೀಮೆಯಲ್ಲಿ ಹರಿಯುವುದು. ಥೊರಾಂಗ್ ಲಾ ಘಟ್ಟದ ಎತ್ತರ ೫೪೧೬ ಮೀಟರು, ಎಂದರೆ ಸುಮಾರು ೧೭೭೭೦ ಅಡಿ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧಮಾತ್ರ. ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ಅಕ್ಟೋಬರ್ ತಿಂಗಳೇ ಈ ದಾರಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲವೆಂದು ಪ್ರತೀತಿ. ಆದುದರಿಂದಲೇ ವರ್ಷದಲ್ಲಿ ಅತಿ ಹೆಚ್ಚು ಜನ ಅಲ್ಲಿ ನಡೆಯುವುದೂ ಆ ತಿಂಗಳಲ್ಲಿಯೇ.

೨೦೧೪ನೆಯ ಇಸವಿ ಅಕ್ಟೋಬರ್ ೧೪ನೆಯ ದಿನ, ಹಿಮ ಬೀಳುತ್ತಿದ್ದಾಗಲೇ, ನೂರಾರು ಮಂದಿ ಆ ಘಟ್ಟದ ದಾರಿಯಲ್ಲಿದ್ದರು. ಅದು ಸ್ವಲ್ಪ ಹೊತ್ತಿನ ಹಿಮವೆಂದೂ, ಬೇಗನೆ ನಿಲ್ಲುವುದೆಂದೂ ಬಹುಮಂದಿ ಭಾವಿಸಿದರು. ಅದು ನಿಲ್ಲಲಿಲ್ಲ. ಗಾಳಿ ಬಲವಾಯಿತು, ಹಿಮವು ಮೊಳಕಾಲಿಗೆ, ತೊಡೆಗೆ, ಕೆಲವೆಡೆ ಎದೆಗೆ ಬಂತು. ಘಟ್ಟದ ನೆತ್ತಿಯಲ್ಲಿ ಚಹ ಮಾರುವ ಒಂದು ಸಣ್ಣ ಕಲ್ಲುಮನೆಯಿದೆ. ಕೆಲವರು ಅದರೊಳಗೆ ಒತ್ತೊತ್ತಾಗಿ ಸೇರಿ ನಿಂತರು. ಮತ್ತೆ ಕೆಲವರು, ಕತ್ತಲಾಗುವುದರೊಳಗೆ ಮುಕ್ತಿನಾಥವನ್ನು ಸೇರಿಬಿಡೋಣವೆಂದು, ಬಿರುಗಾಳಿಯಲ್ಲಿಯೇ ಕೆಳಗಿಳಿಯತೊಡಗಿದರು. ಅಲ್ಲಿಂದ ಮುಕ್ತಿನಾಥಕ್ಕೆ ಐದು ಸಾವಿರ ಅಡಿಗೂ ಹೆಚ್ಚಿನ ಇಳಿಜಾರು. ಇಳಿದವರಲ್ಲಿ ಅನೇಕರು ದಾರಿ ತಪ್ಪಿದರು, ಒಬ್ಬರಿಂದೊಬ್ಬರು ಬೇರೆಯಾದರು, ಕೈಕಾಲು ಸೋತು ಕುಳಿತವರು ಮತ್ತೆ ಏಳಲಿಲ್ಲ. ಆ ಗುಡಿಸಲಿಗೆ ಹಿಂದಿರುಗಿ, ಇಡೀ ರಾತ್ರಿ ನಿದ್ರೆಮಾಡದಂತೆ ಒಬ್ಬರನ್ನೊಬ್ಬರು ಎಚ್ಚರಿಸುತ್ತ ಕುಳಿತವರು ಬದುಕಿಕೊಂಡರು. ಅದೇ ಬಿರುಗಾಳಿಯಲ್ಲಿ ಧವಳಗಿರಿಯ ಬುಡದಲ್ಲಿಯೂ ಮನಾಂಗಿನ ಬೇರೆ ಕಣಿವೆಗಳಲ್ಲಿಯೂ ಹಿಮಕುಸಿತಗಳಾದುವು. ಒಟ್ಟಿನಲ್ಲಿ ಕನಿಷ್ಠ ೪೩ ಮಂದಿ ಮೃತರಾದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ನೇಪಾಳದವರೇ. ದಾರಿ ತೋರುವವರು, ಹೊರೆ ಹೊರುವವರು, ಯಾಕ್ ಎಂಬ ದನಗಳನ್ನು ಕಾಯುವವರು. ಐನೂರಕ್ಕೂ ಮೇಲ್ಪಟ್ಟ ಜನರನ್ನು ಸೈನಿಕರೂ ಊರವರೂ ಹೆಲಿಕಾಪ್ಟರುಗಳೂ ಸೇರಿ ಕೆಳಕ್ಕೆ ತಂದುದಾಯಿತು.

ಇಷ್ಟೊಂದು ಹಿಮ ಎಲ್ಲಿಂದ ಬಂತು? ಇದರ ಉತ್ತರವು ದಕ್ಷಿಣ ದೇಶದವರಾದ ನಮಗೆ ಆಶ್ಚರ್ಯಕರವಾಗಿದ್ದರೂ ಅಪರಿಚಿತವಲ್ಲ. ಹಸ್ತ, ಚಿತ್ತೆ, ಸ್ವಾತಿ ಮಳೆಗಳ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಚಂಡಮಾರುತವೆದ್ದರೆ ನಮ್ಮ ರೈತನಿಗೂ ಅದರ ಬಿಸಿ ತಟ್ಟುವುದು. ಕೊಯ್ಲಿಗೆ ಬಂದ ರಾಗಿಯ ಮೇಲೆ ಮಳೆ ಹೊಯ್ಯುವುದು. ಆ ವರ್ಷ ಅಂಡಮಾನ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಹುಟ್ಟಿದ ಒಂದು ಚಂಡಮಾರುತವು ಅಕ್ಟೋಬರ್ ೧೨ರಂದು ವಿಶಾಖಪಟ್ಟಣದ ಹತ್ತಿರ ದಡಕ್ಕೆ ಬಡಿಯಿತು. ಅದಕ್ಕೆ 'ಹುದ್‌ಹುದ್' ಎಂದು ಹೆಸರು. ನಾವು ಚಂದ್ರಮುಕುಟವೆಂದು ಕರೆಯುವ ಹಕ್ಕಿಗೆ ಅರಬ್ಬೀ ಭಾಷೆಯಲ್ಲಿ ಇರುವ ಹೆಸರೇ ಅದು. ವಿಶಾಖಪಟ್ಟಣದಲ್ಲಿ ಮರಗಳನ್ನೂ ಮಾಡುಗಳನ್ನೂ ಕಿತ್ತೆಸೆದ ಮೇಲೆ ಆ ಮಾರುತದ ಗಾಳಿಯ ಬಲ ಕುಗ್ಗಿತು. ಆದರೆ ಅದು ಹೊತ್ತಿದ್ದ ನೀರು ಎಲ್ಲಿಗೂ ಹೋಗಿರಲಿಲ್ಲ. ನೇರವಾಗಿ ಉತ್ತರಾಭಿಮುಖವಾಗಿ ಸುಮಾರು ಎಂಟುನೂರು ಮೈಲಿಗಳನ್ನು ಎರಡು ದಿನಗಳಲ್ಲಿ ದಾಟಿ, ಆ ತೇವವೆಲ್ಲವೂ ಹಿಮಾಲಯದ ಗೋಡೆಗೆ ತಾಗಿತು. ಅದೇ ಸಮಯಕ್ಕೆ ಪಶ್ಚಿಮದಿಂದ ಮೇಲ್ಮಟ್ಟದಲ್ಲಿ ತಣ್ಣನೆಯ ಗಾಳಿಯೂ ಬಂದು ಕೂಡಿಕೊಂಡಿತು.

ಗಾಳಿಯು ಮೇಲೇರಿದಷ್ಟೂ ತಣ್ಣಗಾಗುವುದೆಂಬುದು ಪ್ರಕೃತಿಯ ನಿಯಮ. ಸಾಮಾನ್ಯವಾಗಿ ಪ್ರತಿ ಸಾವಿರ ಮೀಟರುಗಳ ಎತ್ತರಕ್ಕೆ ಸುಮಾರು ಆರೂವರೆ ಸೆಂಟಿಗ್ರೇಡ್ ಡಿಗ್ರಿಗಳಷ್ಟು ಶಾಖ ಇಳಿಯುವುದು. ಕೆಳಗಿನ ಬಯಲಿನಲ್ಲಿ ಮಳೆಯಾಗಿ ಬಿದ್ದ ನೀರು ಘಟ್ಟದ ನೆತ್ತಿಯಲ್ಲಿ ಹಿಮವಾಗಿ ಬೀಳುವುದು ಈ ಕಾರಣದಿಂದ. ಒಂದು ಅಂಗುಲ ಮಳೆಯ ನೀರು ಹಿಮವಾದರೆ ಸಾಮಾನ್ಯವಾಗಿ ಸುಮಾರು ಹತ್ತು ಅಂಗುಲ ದಪ್ಪವಾಗುವುದು. ನಮ್ಮೂರಿನಲ್ಲಿ ಒಂದು ರಾತ್ರಿ ನಾಲ್ಕು ಅಂಗುಲ ಮಳೆಯಾದರೆ ಕೆರೆಗೆ ನೀರು ಬಂತೆಂದು ಸಂತೋಷಪಡುತ್ತೇವೆ. ಅಷ್ಟೇ ನೀರು ಹಿಮವಾಗಿ ಬಿದ್ದರೆ ನಿಂತ ಮನುಷ್ಯನ ಸೊಂಟದವರೆಗೆ ಬರುವುದು. ಸಮುದ್ರದ ಬೆಚ್ಚನೆಯ ತೇವವು ನಟ್ಟ ಚಳಿಗಾಲದ ಒಣಗಾಳಿಗಿಂತ ಹೆಚ್ಚು ನೀರನ್ನು ತರುವುದರಿಂದ, ಕಾಲಕ್ಕೆ ಮುಂಚೆ ಬೀಳುವ ಹಿಮವು ಕಡಮೆ ಹೊತ್ತಿನಲ್ಲಿ ಹೆಚ್ಚಾಗಿ ಬೀಳುವುದುಂಟು.

ಈ ಸಂಗತಿಯು ಒಮ್ಮೆ ಮಾತ್ರ ನಡೆದು ಮುಗಿದುದಲ್ಲ. ೧೯೯೫ನೆಯ ಇಸವಿ ನವಂಬರಿನಲ್ಲಿಯೂ ಬಂಗಾಳ ಕೊಲ್ಲಿಯ ಚಂಡಮಾರುತವೊಂದರ ತೇವ ಎವರೆಸ್ಟ್ ಸೀಮೆಗೆ ತಲಪಿ, ಅಕಾಲದಲ್ಲಿ ಭಾರಿ ಹಿಮ ಬಿದ್ದಿತು. ಗೋಕ್ಯೋ ಕಣಿವೆಯ ಪಾಂಗಾ ಎಂಬಲ್ಲಿ ರಾತ್ರಿ ತಂಗಿದ್ದವರ ಮೇಲೆ ಹಿಮ ಕುಸಿದು, ಜಪಾನ್ ದೇಶದ ೧೩ ಮಂದಿ ಪ್ರವಾಸಿಗಳೂ ಅವರೊಡನಿದ್ದ ನೇಪಾಳದ ಸಹಾಯಕರೂ ಪ್ರಾಣಬಿಟ್ಟರು. ೨೦೨೫ನೆಯ ಅಕ್ಟೋಬರ್ ಮೊದಲ ವಾರದಲ್ಲಿ ಎವರೆಸ್ಟಿನ ಪೂರ್ವಕ್ಕಿರುವ ಟಿಬೆಟ್ಟಿನ ಕಣಿವೆಯಲ್ಲಿ ನೂರಾರು ಮಂದಿ ಹೀಗೆಯೇ ಸಿಕ್ಕಿಕೊಂಡಿದ್ದು, ಅವರನ್ನು ಹೊರಗೆ ತರಬೇಕಾಯಿತು. ಋತುವಿನ ಇನ್ನೊಂದು ಅಂಚಿನಲ್ಲಿಯೂ ಇದೇ ಅಪಾಯವುಂಟು. ೨೦೨೪ನೆಯ ಜೂನ್ ತಿಂಗಳ ಮೊದಲಲ್ಲಿ, ಬೇಸಗೆಯೆಂದು ಎಲ್ಲರೂ ನಂಬಿದ್ದಾಗ, ಉತ್ತರಕಾಶಿಯ ಮೇಲಣ ಸಹಸ್ರತಾಲಕ್ಕೆ ಹೋಗಿದ್ದ ನಮ್ಮ ಕರ್ಣಾಟಕದ ತಂಡವೊಂದು ಹಿಂದಿರುಗುವ ದಾರಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿತು. ಅವರಲ್ಲಿ ೯ ಮಂದಿ ಮನೆಗೆ ಮರಳಲಿಲ್ಲ. ಆ ದುಃಖದ ವಾರ್ತೆ ನಮ್ಮ ಊರುಗಳ ಬೀದಿಗಳಿಗೇ ಬಂದಿತು.

ಹಿಮದಲ್ಲಿ ಮನುಷ್ಯನು ಸಾಯುವುದು ಹೇಗೆ ಎಂಬುದನ್ನು ಈಗ ಸ್ವಲ್ಪ ವಿಚಾರಮಾಡೋಣ. ನಮ್ಮ ಮೈಯೊಳಗಿನ ಶಾಖವು ಸುಮಾರು ೩೭ ಸೆಂಟಿಗ್ರೇಡ್ ಡಿಗ್ರಿಗಳು. ಇದು ೩೫ಕ್ಕಿಂತ ಕೆಳಗಿಳಿದರೆ ಶಾಖಕ್ಷಯವಾಯಿತೆಂದು ವೈದ್ಯರು ಹೇಳುತ್ತಾರೆ. ಮೊದಲು ಮೈ ನಡುಗುವುದು. ಈ ನಡುಕವು ಶತ್ರುವಲ್ಲ. ಸ್ನಾಯುಗಳನ್ನು ಅಲುಗಿಸಿ ಶಾಖವನ್ನು ಹುಟ್ಟಿಸಲು ದೇಹವು ತಾನಾಗಿ ಮಾಡುವ ಪ್ರಯತ್ನವದು. ಶಾಖವು ೩೨ರ ಹತ್ತಿರಕ್ಕೆ ಇಳಿದಾಗ ನಡುಕ ನಿಲ್ಲುವುದು. ಜೊತೆಯವರು ಇದನ್ನು ಕಂಡು, ಇವನಿಗೆ ಚಳಿ ಬಿಟ್ಟಿತೆಂದು ಸಮಾಧಾನಪಟ್ಟರೆ ಮೋಸಹೋದಂತೆ. ನಿಜವಾಗಿ ಅದು ಅಪಾಯದ ಗಂಟೆ. ಆಮೇಲೆ ಮಾತು ತೊದಲುವುದು, ಕಾಲು ಎಡವುವುದು, ಬುದ್ಧಿ ಮಂಕಾಗುವುದು. ಸ್ವಲ್ಪ ಕುಳಿತು ಹೊರಡೋಣವೆಂಬ ಆಸೆ ಬಲವಾಗುವುದು. ಕೊನೆಕೊನೆಗೆ, ಸೆಕೆಯಾಗುತ್ತಿದೆಯೆಂಬ ಭ್ರಮೆಯಿಂದ ತೊಟ್ಟ ಬಟ್ಟೆಯನ್ನೇ ಕಳಚಿಹಾಕುವವರೂ ಉಂಟು. ಶಾಖಕ್ಷಯವು ಮೊದಲು ಕೊಲ್ಲುವುದು ವಿವೇಕವನ್ನು, ದೇಹವನ್ನು ಆಮೇಲೆ. ತನಗೆ ಅಪಾಯವಾಗಿದೆಯೆಂದು ತಿಳಿಯಬೇಕಾದ ಬುದ್ಧಿಯೇ ಮೊದಲು ಆರಿಹೋಗುವುದರಿಂದ, ಒಬ್ಬನ ಸ್ಥಿತಿಯನ್ನು ಇನ್ನೊಬ್ಬನು ಗಮನಿಸಬೇಕಾದುದು ಅತ್ಯವಶ್ಯಕ.

ಇದರಲ್ಲಿ ಕಾಲಕ್ಕೆ ಮುಂಚೆ ಬೀಳುವ ಹಿಮದ ವಿಶೇಷವೇನು? ಅದು ಹಸಿಯಾಗಿರುವುದೇ ವಿಶೇಷ. ನಟ್ಟ ಚಳಿಗಾಲದ ಹಿಮವು ಒಣಗಿದ ಹಿಟ್ಟಿನಂತಿದ್ದು, ಬಟ್ಟೆಯನ್ನು ಕೊಡವಿದರೆ ಉದುರಿಹೋಗುವುದು. ಶರತ್ಕಾಲದ ಹಿಮವು ಹೆಪ್ಪುಗಟ್ಟುವ ಮಟ್ಟಕ್ಕೆ ಹತ್ತಿರದ ಶಾಖದಲ್ಲಿ ಬೀಳುವುದರಿಂದ ಮೈಯ ಬಿಸಿ ತಾಗಿದೊಡನೆ ಕರಗಿ, ಬಟ್ಟೆಯನ್ನು ತೊಯಿಸುವುದು. ಅನೇಕ ವೇಳೆ ಕೆಳಗಡೆ ಮೊದಲು ಮಳೆ ಬಂದು, ಮೇಲೇರುವ ವೇಳೆಗೆ ಅದೇ ಹಿಮವಾಗುವುದು. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಾಲು ಚೆನ್ನಾಗಿ ಶಾಖವನ್ನು ಒಯ್ಯುವ ವಸ್ತು. ಒಣ ಬಟ್ಟೆ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯಿಂದ. ಆ ಗಾಳಿಯ ಸ್ಥಾನಕ್ಕೆ ನೀರು ಬಂದರೆ ಉಟ್ಟ ಬಟ್ಟೆಯೇ ಶಾಖವನ್ನು ಕದಿಯುವ ಕಳ್ಳನಾಗುವುದು. ನಮಗೆ ಪ್ರಿಯವಾದ ಹತ್ತಿಯ ಬಟ್ಟೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಉಣ್ಣೆಯು ತೊಯ್ದರೂ ಸ್ವಲ್ಪಮಟ್ಟಿಗೆ ಬೆಚ್ಚಗಿರುವುದು. ಮೇಲೆ ಗಾಳಿಯೂ ಸೇರಿದರೆ ಕೇಳತಕ್ಕದ್ದೇನು? ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿಯಂತೆ ತಾಗುವುದೆಂದು ಲೆಕ್ಕಹಾಕಿದ್ದಾರೆ.

ಸಿದ್ಧತೆಯಿಲ್ಲದಿರುವುದೇ ಮುಖ್ಯ ಕಾರಣವೆಂಬುದಕ್ಕೆ ಮನುಷ್ಯರಲ್ಲದ ಪ್ರಾಣಿಗಳ ಒಂದು ಸಾಕ್ಷ್ಯವನ್ನು ಹೇಳುತ್ತೇನೆ. ಇದು ದೂರದ ಅಮೆರಿಕಾ ಖಂಡದ ಸಂಗತಿ. ಅಲ್ಲಿನ ದಕ್ಷಿಣ ಡಕೋಟಾ ಸಂಸ್ಥಾನದ ಪಶ್ಚಿಮದಲ್ಲಿ ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಗಳಿವೆ. ಅಲ್ಲಿಯ ದನಗಳು ವರ್ಷವರ್ಷವೂ ಕಠಿಣವಾದ ಚಳಿಗಾಲವನ್ನು ಬಯಲಿನಲ್ಲಿಯೇ ಕಳೆಯಬಲ್ಲವು. ೨೦೧೩ನೆಯ ಅಕ್ಟೋಬರ್ ಮೊದಲ ವಾರದಲ್ಲಿ ಮೊದಲು ಮಳೆ ಸುರಿದು ಅವುಗಳ ಮೈ ತೊಯ್ದು, ಹಿಂದೆಯೇ ಹಿಮಬಿರುಗಾಳಿ ಬಂತು. ಬೆಟ್ಟಗಳ ಕೆಲವೆಡೆ ನಾಲ್ಕು ಅಡಿಗಳಷ್ಟು ಹಿಮ ಬಿತ್ತು. ದನಗಳು ಇನ್ನೂ ಬೇಸಗೆಯ ಹುಲ್ಲುಗಾವಲಿನಲ್ಲಿದ್ದುವು. ಅವುಗಳಿಗೆ ಚಳಿಗಾಲದ ದಟ್ಟ ಕೂದಲು ಇನ್ನೂ ಬೆಳೆದಿರಲಿಲ್ಲ. ಆ ಎರಡು ಮೂರು ದಿನಗಳಲ್ಲಿ ಹತ್ತಾರು ಸಾವಿರ ದನಗಳು ಸತ್ತುಹೋದುವು. ಜನವರಿಯಲ್ಲಿ ಬಂದಿದ್ದರೆ ಅವು ಸಹಿಸಬಹುದಾಗಿದ್ದ ಹಿಮವೇ ಅಕ್ಟೋಬರಿನಲ್ಲಿ ಮೃತ್ಯುವಾಯಿತು. ತೆಳ್ಳನೆಯ ಅಂಗಿ ತೊಟ್ಟು ಘಟ್ಟವೇರಿದ ಮನುಷ್ಯನ ಸ್ಥಿತಿಯೂ ಇದೇ ಅಲ್ಲವೆ?

ಇನ್ನು ನೆಲದ ವಿಚಾರ. ಚಳಿಗಾಲದ ಕೊನೆಯಲ್ಲಿ ಪರ್ವತದ ಮೇಲಿನ ಹಿಮವು ಗಟ್ಟಿಯಾಗಿ ಕುಳಿತು, ಹಳ್ಳತಿಟ್ಟುಗಳನ್ನು ತುಂಬಿರುವುದು. ಮೊದಲ ಹಿಮವಾದರೋ ಬರಿಯ ಬಂಡೆಗಳ ಮೇಲೆ, ಇನ್ನೂ ಬೆಚ್ಚಗಿರುವ ಮಣ್ಣಿನ ಮೇಲೆ, ಸಡಿಲವಾದ ಹೊದಿಕೆಯಂತೆ ಬೀಳುವುದು. ಬಂಡೆಗಳ ನಡುವಣ ಸಂದುಗಳು ಮುಚ್ಚಿಹೋಗುವುವು. ಕಾಲಿಟ್ಟರೆ ಮುರಿಯುವುದು ಕಾಲೇ. ಹಿಮನದಿಗಳ ಮೇಲಣ ಆಳವಾದ ಬಿರುಕುಗಳಿಗೆ ತೆಳ್ಳನೆಯ ಹಿಮದ ಮುಚ್ಚಳವಾಗುವುದು. ನೋಡುವುದಕ್ಕೆ ನೆಲ, ನಡೆದರೆ ಬಾವಿ. ದಾರಿಯ ಗುರುತಿಗೆಂದು ಇಟ್ಟ ಕಲ್ಲಿನ ಗುಡ್ಡೆಗಳೂ ಹೂತುಹೋಗುವುವು. ಆಕಾಶ ಭೂಮಿಗಳೆರಡೂ ಒಂದೇ ಬಿಳಿಯಾಗಿ, ಮೇಲು ಕೆಳಗುಗಳ ಭೇದವೇ ತಿಳಿಯದಂತಾಗುವುದನ್ನು ಪರ್ವತಾರೋಹಿಗಳು ಬಲ್ಲರು. ಅದನ್ನು ಬಿಳಿಗತ್ತಲೆಯೆಂದು ಕರೆಯಬಹುದು. ಕರಿಗತ್ತಲೆಯಲ್ಲಿ ದೀಪ ಸಹಾಯಮಾಡುವುದು. ಈ ಕತ್ತಲೆಯಲ್ಲಿ ದೀಪವೂ ನಿರುಪಯೋಗಿ.

ಹಿಮಕುಸಿತವು ಇದಕ್ಕಿಂತಲೂ ಘೋರವಾದುದು. ಇಳಿಜಾರಿನ ಮೇಲೆ ಕುಳಿತ ಹಿಮದ ಪದರವು ತನ್ನ ಭಾರದಿಂದಲೋ, ಒಬ್ಬ ಮನುಷ್ಯನ ಹೆಜ್ಜೆಯಿಂದಲೋ ಸಡಲಿ ಒಮ್ಮೆಗೇ ಜಾರಿಬರುವುದೇ ಹಿಮಕುಸಿತ. ಮೂವತ್ತರಿಂದ ನಲವತ್ತೈದು ಡಿಗ್ರಿಗಳ ಇಳಿಜಾರುಗಳಲ್ಲಿ ಇದು ಹೆಚ್ಚು. ಹೊಸ ಹಿಮ ಬೀಳುತ್ತಿರುವಾಗ ಮತ್ತು ನಿಂತ ಮೇಲಿನ ಮೊದಲ ಒಂದೆರಡು ದಿನಗಳಲ್ಲಿ ಅಪಾಯ ಅತಿಶಯ. ಹೂತುಹೋದವನನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ಕಳೆದ ಮೇಲೆ ಉಸಿರಿಲ್ಲದೆ ಸಾಯುವವರೇ ಬಹಳ. ಎಂದರೆ ಕೆಳಗಿನಿಂದ ಬರುವ ಸಹಾಯವು ಅವನಿಗೆ ಸಹಾಯವಲ್ಲ; ಪಕ್ಕದಲ್ಲಿದ್ದವರೇ ಅವನಿಗೆ ಗತಿ. ಮೊದಲ ಹಿಮದಲ್ಲಿ ಇನ್ನೊಂದು ಗುಪ್ತದೋಷವೂ ಉಂಟು. ತೆಳುವಾಗಿ ಬಿದ್ದ ಹಿಮದ ಮೇಲೆ ಅನೇಕ ದಿನ ನಿರ್ಮಲವಾದ ಚಳಿಯ ರಾತ್ರಿಗಳು ಕಳೆದರೆ, ಅದರ ಕಣಗಳು ಒಂದಕ್ಕೊಂದು ಅಂಟದೆ ಹರಳುಸಕ್ಕರೆಯಂತಾಗುವುವು. ಮುಂದೆ ಚಳಿಗಾಲದಲ್ಲಿ ಬೀಳುವ ಭಾರಿ ಹಿಮಕ್ಕೆ ಈ ಸಡಿಲವಾದ ಪದರವೇ ತಳಹದಿಯಾಗುವುದು. ಅಕ್ಟೋಬರಿನ ಹಿಮವು ಜನವರಿಯಲ್ಲಿ ಕೊಲ್ಲುವುದು ಹೀಗೆ.

ಇಷ್ಟೆಲ್ಲ ಕೇಳಿದ ಮೇಲೆ, ಪರ್ವತಕ್ಕೆ ಹೋಗುವುದೇ ಬೇಡವೆಂದು ಯಾರೂ ನಿರ್ಧರಿಸಬೇಕಾದುದಿಲ್ಲ. ತಿಳಿದು ನಡೆದರೆ ಈ ಅಪಾಯಗಳಲ್ಲಿ ಹೆಚ್ಚಿನವು ತಪ್ಪುವುವು. ಮೊದಲನೆಯದಾಗಿ, ಹೊರಡುವವರು ಪರ್ವತದ ಆಕಾಶವನ್ನಷ್ಟೇ ನೋಡದೆ ಸಮುದ್ರದ ವಾರ್ತೆಯನ್ನೂ ಕೇಳಬೇಕು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದಿತೆಂದು ಹವಾಮಾನ ಇಲಾಖೆಯವರು ಸಾರಿದ ದಿನದಿಂದ ಅದು ಹಿಮಾಲಯವನ್ನು ಮುಟ್ಟುವುದಕ್ಕೆ ಕೆಲವು ದಿನಗಳ ಅವಕಾಶವಿರುವುದು. ೨೦೧೪ರಲ್ಲಿ ಚಂಡಮಾರುತದ ಸುದ್ದಿ ದೇಶಕ್ಕೆಲ್ಲ ತಿಳಿದಿತ್ತು. ಘಟ್ಟದ ದಾರಿಯಲ್ಲಿದ್ದ ಬಹುಮಂದಿಯ ಕಿವಿಗೆ ಮಾತ್ರ ಅದು ಬೀಳಲಿಲ್ಲ. ಜ್ಞಾನವಿದ್ದೂ ಅದು ಬೇಕಾದವನಿಗೆ ತಲಪದಿದ್ದುದರಿಂದ ಆದ ಅನರ್ಥವಿದು.

ಎರಡನೆಯದು, ಹಿಂದಿರುಗುವ ಗಳಿಗೆಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವುದು. ಇಂಥ ಹೊತ್ತಿಗೆ ಘಟ್ಟದ ನೆತ್ತಿಯನ್ನು ಸೇರದಿದ್ದರೆ, ಅಥವಾ ಇಷ್ಟು ಹಿಮ ಬಿದ್ದರೆ, ಮುಂದೆ ಹೆಜ್ಜೆಯಿಡುವುದಿಲ್ಲವೆಂದು ಕೆಳಗಿನ ಬೆಚ್ಚನೆಯ ಮನೆಯಲ್ಲಿ ಕುಳಿತು ತೀರ್ಮಾನಿಸಬೇಕು. ಮೇಲೆ ಹೋದಮೇಲೆ ತೀರ್ಮಾನಿಸುತ್ತೇವೆಂದರೆ, ತೀರ್ಮಾನಿಸುವ ಬುದ್ಧಿಯನ್ನೇ ಚಳಿಯೂ ಎತ್ತರವೂ ಕದ್ದುಕೊಂಡಿರುವುವು. ರಜೆ ಮುಗಿಯಿತು, ಹಣ ಕೊಟ್ಟಾಗಿದೆ, ರೈಲಿನ ಟಿಕೆಟ್ಟು ನಾಳೆಗಿದೆ ಎಂಬ ಲೆಕ್ಕಾಚಾರಗಳೇ ಎಷ್ಟೋ ಮಂದಿಯನ್ನು ಹಿಮದೊಳಕ್ಕೆ ನೂಕಿವೆ. ಒಂದೆರಡು ದಿನಗಳನ್ನು ಹೆಚ್ಚಾಗಿ ಇಟ್ಟುಕೊಂಡು ಹೊರಡುವವನು ಉಳಿದೆಲ್ಲ ಸಾಮಾನುಗಳಿಗಿಂತ ಬೆಲೆಯುಳ್ಳ ಸಾಮಾನನ್ನು ಒಯ್ದಂತೆ.

ಮೂರನೆಯದು, ಬಿರುಗಾಳಿಯೊಳಗೆ ಸಿಕ್ಕಿಕೊಂಡಾಗ ಮಾಡತಕ್ಕದ್ದು. ಸಮೀಪದಲ್ಲಿ ಆಶ್ರಯವಿದ್ದರೆ, ಅದು ಎಷ್ಟೇ ಇಕ್ಕಟ್ಟಾಗಿದ್ದರೂ, ಅದನ್ನು ಬಿಟ್ಟು ಹೊರಡಬಾರದು. ಆಶ್ರಯವಿಲ್ಲದಿದ್ದರೆ, ದಾರಿ ಇನ್ನೂ ಕಾಣುತ್ತಿರುವಾಗಲೇ ಬಂದ ದಾರಿಯಲ್ಲಿ ಹಿಂದಿರುಗಬೇಕು. ಕಾಣದ ದಾರಿಯಲ್ಲಿ ಮುಂದುವರಿಯಬಾರದು. ತಂಡವು ಒಡೆಯಬಾರದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ನಡಿಗೆಯೇ ತಂಡದ ನಡಿಗೆಯಾಗಬೇಕು. ತೊಯ್ದ ಬಟ್ಟೆಯನ್ನು ತೆಗೆದು, ಚೀಲದಲ್ಲಿ ನೀರು ಹೊಗದಂತೆ ಕಟ್ಟಿಟ್ಟ ಒಣ ಬಟ್ಟೆಯನ್ನು ತೊಡಬೇಕು. ಬೆಲ್ಲ, ಸಕ್ಕರೆ, ಒಣಹಣ್ಣುಗಳಂಥ ಆಹಾರವನ್ನು ಆಗಾಗ ತಿನ್ನಬೇಕು. ನಡುಕದ ಒಲೆಗೆ ಅದೇ ಸೌದೆ. ಮದ್ಯವು ಮೈಯನ್ನು ಬೆಚ್ಚಗೆ ಮಾಡುವುದೆಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಬಿಡುವುದು. ಚಳಿಯಿಂದ ಮರಗಟ್ಟಿದ ಬೆರಳುಗಳನ್ನು ಹಿಮದಿಂದ ಉಜ್ಜುವುದೂ ತಪ್ಪು; ಉಜ್ಜದೆ, ಕಂಕುಳಲ್ಲಿಟ್ಟು ಕಾಪಾಡಿಕೊಳ್ಳಬೇಕು. ಬಿರುಗಾಳಿ ನಿಂತು ಬಿಸಿಲು ಬಂದೊಡನೆ ಸಂಭ್ರಮದಿಂದ ಹೊರಡುವುದೂ ಕೂಡದು. ಹಿಮಕುಸಿತಕ್ಕೆ ಅದೇ ಹೊತ್ತೆಂದು ಆಗಲೇ ಹೇಳಿದೆ. ಅಲ್ಲದೆ ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಹೊಡೆಯುವುದರಿಂದ, ಕಪ್ಪು ಕನ್ನಡಕವಿಲ್ಲದವನ ಕಣ್ಣು ಕೆಲವೇ ಗಂಟೆಗಳಲ್ಲಿ ಉರಿದು, ಒಂದೆರಡು ದಿನ ಕಾಣದಂತಾಗುವುದು.

ಕೊನೆಯದಾಗಿ ಒಂದು ಮಾತು. ಥೊರಾಂಗ್ ಘಟ್ಟದ ದುರಂತದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಆ ದೇಶದ ಜನರೇ ಇದ್ದರೆಂದು ಹೇಳಿದೆನಷ್ಟೆ. ಹಣ ಕೊಟ್ಟು ಹೋಗುವ ಪ್ರವಾಸಿಯ ಬಳಿ ಗರಿ ತುಂಬಿದ ಅಂಗಿಯೂ ಗಟ್ಟಿಯಾದ ಪಾದರಕ್ಷೆಯೂ ಇರುವುವು. ಅವನ ಹೊರೆಯನ್ನು ಹೊತ್ತವನ ಮೈಮೇಲೆ ಅನೇಕ ವೇಳೆ ಒಂದು ಹಳೆಯ ಸ್ವೆಟರು, ಕಾಲಿಗೆ ಕ್ಯಾನ್ವಾಸಿನ ಜೋಡು. ತನ್ನ ಗಂಟನ್ನು ಹೊರುವವನಿಗೆ ತನ್ನಂತೆಯೇ ಉಡುಪುಂಟೆ, ರಾತ್ರಿ ಮಲಗಲು ಬೆಚ್ಚನೆಯ ಸ್ಥಳವುಂಟೆ ಎಂದು ಹೊರಡುವ ಮುನ್ನ ವಿಚಾರಿಸತಕ್ಕುದು ಪ್ರವಾಸಿಯ ಧರ್ಮ. ತೀರ್ಥಯಾತ್ರೆಗೆ ಹೊರಟವನಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೊರೆಯಾಳು 'ಇಂದು ಬೇಡ ಸ್ವಾಮಿ, ಗಾಳಿ ಕೆಟ್ಟಿದೆ' ಎಂದರೆ ಅವನ ಮಾತನ್ನು ಕೇಳುವುದೂ ಅದೇ ಧರ್ಮಕ್ಕೆ ಸೇರಿದ್ದು.

ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಗಾದೆಯು ಕಣದಲ್ಲಿ ರಾಶಿಮಾಡುವವನಿಗೆ ಸಲ್ಲುವುದು. ಘಟ್ಟದ ದಾರಿಯಲ್ಲಿ ಸಲ್ಲುವುದು ಇನ್ನೊಂದು ಗಾದೆ: ತಾಳಿದವನು ಬಾಳಿಯಾನು. ಹಿಮವಂತನು ಎಲ್ಲಿಗೂ ಹೋಗುವವನಲ್ಲ. ಮುಕ್ತಿನಾಥನೂ ಅಲ್ಲಿಯೇ ಇರುತ್ತಾನೆ. ಈ ವರ್ಷ ಘಟ್ಟದ ಬುಡದಿಂದ ಹಿಂದಿರುಗಿದವನು ಬರುವ ವರ್ಷ ಅದನ್ನು ದಾಟಬಹುದು.